ನಿಮ್ಮ ಗದ್ದೆಯ ಮೀಥೇನ್ ಲೆಕ್ಕ ಬರೆದವರು ಯಾರು?

ಈ ವಾರ ತಳಿ, ಗೊಬ್ಬರ, ಕೀಟದ ವಿಷಯ ಬಿಟ್ಟು ಒಂದು ಲೆಕ್ಕದ ವಿಷಯ ಮಾತಾಡೋಣ. ನೀರಾವರಿ ಭಾಗದ ಹಳ್ಳಿಗಳಿಗೆ ಈಗ ಕಾರ್ಬನ್ ಕ್ರೆಡಿಟ್ ಮಾಡಿಕೊಡ್ತೀವಿ ಅಂತ ಕಂಪನಿ ಹುಡುಗರು ಬರ್ತಿದ್ದಾರೆ. ಆಧಾರ್, ಪಹಣಿ ನಕಲು ತಗೋತಾರೆ, ಮೊಬೈಲ್ ಹಿಡಿದು ಗದ್ದೆ ಸುತ್ತ ಒಂದು ಸುತ್ತು ಹಾಕಿ ಗಡಿ ಗುರುತು ಮಾಡ್ಕೋತಾರೆ. ನಿಮ್ಮ ಭತ್ತದ ಗದ್ದೆ ಇಷ್ಟು ಮೀಥೇನ್ ಬಿಡ್ತಿತ್ತು, ನೀರು ನಿಲ್ಲಿಸೋದು ಕಡಿಮೆ ಮಾಡಿದ್ದಕ್ಕೆ ಇಷ್ಟು ಉಳೀತು, ಅದಕ್ಕೆ ಇಷ್ಟು ದುಡ್ಡು ಅಂತಾರೆ. ಸೈನ್ ಮಾಡೋದಾ ಬೇಡ್ವಾ ಅಂತ ಕೇಳುವ ಫೋನ್ ನನಗೆ ಈಗೀಗ ಜಾಸ್ತಿ. ನಾನು ತಿರುಗಿ ಕೇಳೋದು ಒಂದೇ: ನಿಮ್ಮ ಗದ್ದೆಯಿಂದ ಎಷ್ಟು ಅನಿಲ ಹೋಗ್ತಿದೆ ಅಂತ ಅಳೆದವರು ಯಾರು, ಯಾವುದರಲ್ಲಿ ಅಳೆದರು?

ಇದೇನು ಕೊಂಕು ಪ್ರಶ್ನೆ ಅಂದ್ಕೋಬೇಡಿ. ನಮ್ಮ ದೇಶಕ್ಕೇ ಒಮ್ಮೆ ಇದರ ಪಾಠ ಆಗಿದೆ.

1990ರ ಸುಮಾರಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಅಂದಾಜು ಹಾಕಿತು. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಬೀಳುತ್ತೆ ಅಂತ. ಹವಾಮಾನ ಒಪ್ಪಂದದ ಮಾತುಕತೆ ಶುರುವಾಗುತ್ತಿದ್ದ ಕಾಲ ಅದು. ಕಾರು, ಕಾರ್ಖಾನೆ ಇರೋ ದೇಶಗಳ ಪಕ್ಕಕ್ಕೆ ಭತ್ತ ಬೆಳೆಯೋ ಬಡ ರೈತನನ್ನೂ ತಂದು ನಿಲ್ಲಿಸಿದ ಸಂಖ್ಯೆ ಇದು. ಇಂಥ ಲೆಕ್ಕಗಳ ಅನ್ಯಾಯದ ಬಗ್ಗೆ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು. ಆದರೆ ಬರೀ ವಾದದಿಂದ ಸಂಖ್ಯೆ ಬದಲಾಗಲ್ಲ. ಅಮೆರಿಕದವರ ಅಂದಾಜಿಗೆ ಆಧಾರವಾಗಿದ್ದು ಯುರೋಪ್, ಅಮೆರಿಕದ ಗದ್ದೆಗಳ ಅಳತೆ. ಅಲ್ಲಿ ಕೊಯ್ಲಿನ ಹತ್ತಿರದವರೆಗೂ ನೀರು ನಿಂತೇ ಇರುತ್ತೆ. ನಮ್ಮಲ್ಲಿ ಮಳೆ ನಂಬಿದ ಭತ್ತ ಎಷ್ಟು, ನಾಲೆ ನೀರು ನಿಂತಾಗ ಬಿರುಕು ಬಿಡೋ ಗದ್ದೆ ಎಷ್ಟು, ಅದನ್ನು ಯಾರೂ ನೋಡಿರಲಿಲ್ಲ.

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ 1991ರಲ್ಲಿ ದೇಶದ ಬೇರೆ ಬೇರೆ ಭತ್ತದ ಪ್ರದೇಶಗಳಲ್ಲಿ ಅಳತೆ ಅಭಿಯಾನ ನಡೆಯಿತು. ವಿಜ್ಞಾನಿಗಳು ಡಬ್ಬಿ, ಸಿರಿಂಜ್ ಹಿಡಿದು ಕೆಸರಿಗೆ ಇಳಿದರು. ಸಿಕ್ಕ ಉತ್ತರ ಸುಮಾರು 40 ಲಕ್ಷ ಟನ್. ಮೊದಲಿನ ಅಂದಾಜಿನ ಒಂಬತ್ತನೇ ಒಂದು ಭಾಗ! ನಂತರದ ಸರ್ಕಾರಿ ಲೆಕ್ಕಗಳೂ 30ರಿಂದ 40 ಲಕ್ಷ ಟನ್ ಆಸುಪಾಸಿನಲ್ಲೇ ಇವೆ.

ಗದ್ದೆಗೆ ಇಳಿದು ಅಳೆಯದೇ ಇದ್ದಿದ್ದರೆ ಆ ಸಂಖ್ಯೆ ನಮ್ಮ ತಲೆ ಮೇಲೆ ಎಷ್ಟು ದಿನ ಕೂತಿರ್ತಿತ್ತೋ. ಅದಕ್ಕೇ ಅಳೆಯೋದು ಹೇಗೆ ಅಂತ ರೈತರಾದ ನಾವೂ ಸ್ವಲ್ಪ ತಿಳ್ಕೊಂಡಿರಬೇಕು ಅಂತೀನಿ.

ಕೆಸರಿನಿಂದ ಗಾಳಿಗೆ

ನೀರು ನಿಂತ ಮಣ್ಣಿಗೆ ಆಮ್ಲಜನಕ ಇಳಿಯಲ್ಲ. ಆಮ್ಲಜನಕ ಇಲ್ಲದ ಜಾಗದಲ್ಲಿ ಬದುಕೋ ಸೂಕ್ಷ್ಮಜೀವಿಗಳು ಕೂಳೆ, ಬೇರು, ಸೊಪ್ಪು, ಗೊಬ್ಬರ ಎಲ್ಲವನ್ನೂ ಕೊಳೆಸಿ ಕೊನೆಗೆ ಮೀಥೇನ್ ಮಾಡ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗೋದೂ ಇದೇ. ನಾಟಿಗೆ ಇಳಿದಾಗ ಕಾಲ ಕೆಳಗಿಂದ ಬುಳುಬುಳು ಅಂತ ಗುಳ್ಳೆ ಬರುತ್ತಲ್ಲ, ಅದರಲ್ಲಿ ಮೀಥೇನ್ ಇರುತ್ತೆ. ಆದರೆ ಹೆಚ್ಚಿನ ಪಾಲು ಹೋಗೋದು ಗುಳ್ಳೆಯಾಗಿ ಅಲ್ಲ, ಭತ್ತದ ಗಿಡದ ಒಳಗಿಂದಲೇ. ನೀರಿನಲ್ಲಿರೋ ಬೇರಿಗೆ ಗಾಳಿ ಕಳಿಸೋಕೆ ಭತ್ತದ ದಂಟಿನಲ್ಲಿ ಟೊಳ್ಳು ದಾರಿಗಳಿವೆ. ಮೇಲಿಂದ ಗಾಳಿ ಇಳಿಯೋ ಅದೇ ದಾರಿಯಲ್ಲಿ ಕೆಳಗಿಂದ ಮೀಥೇನ್ ಏರುತ್ತೆ.

ಗದ್ದೆ ಒಣಗಿ ಮಣ್ಣಿಗೆ ಗಾಳಿ ಹೋದರೆ ಮೀಥೇನ್ ನಿಲ್ಲುತ್ತೆ. ಆದರೆ ಸಾರಜನಕ ಇರೋ ಮಣ್ಣು ಒಮ್ಮೆ ಒಣಗಿ ಒಮ್ಮೆ ನೆನೆದರೆ ಇನ್ನೊಂದು ಅನಿಲ ಬರುತ್ತೆ, ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 27 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಒಂದು ಕೆಜಿ ನೈಟ್ರಸ್ ಆಕ್ಸೈಡ್ 273 ಕೆಜಿಗೆ ಸಮ. ಈ ಎರಡು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಡಬ್ಬಿ ಮತ್ತು ಸಿರಿಂಜ್

ಹಳೇ ವಿಧಾನ, ಇವತ್ತಿಗೂ ಹೆಚ್ಚು ಬಳಕೆಯಲ್ಲಿರೋದು, ಮುಚ್ಚಿದ ಡಬ್ಬಿಯದು. ಮೊದಲೇ ಮಣ್ಣಿನಲ್ಲಿ ಒಂದು ಚೌಕಟ್ಟು ಕೂರಿಸಿರ್ತಾರೆ. ಅದರ ಅಂಚಿನ ಕಾಲುವೆಯಲ್ಲಿ ನೀರು ತುಂಬಿ, ಮೇಲೆ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ ಇಡ್ತಾರೆ. ಆ ನೀರಿನಿಂದ ಗಾಳಿ ಆಚೀಚೆ ಆಗಲ್ಲ. ಒಳಗೆ ನಾಲ್ಕಾರು ಬುಡ ಭತ್ತ, ಒಂದು ಸಣ್ಣ ಫ್ಯಾನ್, ಒಂದು ಥರ್ಮಾಮೀಟರ್. ಇಟ್ಟ ಕೂಡಲೇ ಒಮ್ಮೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಸಿರಿಂಜ್‌ನಲ್ಲಿ ಗಾಳಿ ಎಳೆದು ಶೀಶೆಗೆ ತುಂಬ್ತಾರೆ. ಲ್ಯಾಬ್‌ನಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರಕ್ಕೆ ಕೊಟ್ಟು ನೋಡಿದರೆ ಅರ್ಧ ಗಂಟೆಯಲ್ಲಿ ಒಳಗೆ ಮೀಥೇನ್ ಎಷ್ಟು ಏರಿತು ಅಂತ ಗೊತ್ತಾಗುತ್ತೆ.

ಮೊದಲಿನ ದಿನಗಳಲ್ಲೇ ಅವರಿಗೆ ಗೊತ್ತಾದ ಒಂದು ವಿಷಯ ನನಗೆ ಇಷ್ಟ. ಡಬ್ಬಿ ಇಡೋಕೆ ಕೆಸರಿನಲ್ಲಿ ನಡೆದು ಹೋದರೆ ಕಾಲು ತುಳಿದ ಕಡೆಯೆಲ್ಲ ಗುಳ್ಳೆ ಎದ್ದು ಲೆಕ್ಕ ಕೆಡುತ್ತೆ. ಅದಕ್ಕೇ ಗದ್ದೆ ಮೇಲೆ ಹಲಗೆ ಸೇತುವೆ ಹಾಕ್ಕೊಂಡು ಓಡಾಡ್ತಾರೆ.

ಡಬ್ಬಿಯ ಅನುಕೂಲ ಅಂದರೆ ಯಾವ ಮಡಿಯಲ್ಲಿ ಬೇಕಾದರೂ ಇಡಬಹುದು. ಈ ಮಡಿಗೆ ಕೊಟ್ಟಿಗೆ ಗೊಬ್ಬರ, ಆ ಮಡಿಗೆ ಯೂರಿಯಾ ಅಂತ ಹೋಲಿಸಬಹುದು. ತೊಂದರೆ ಏನಂದ್ರೆ ಅದು ನೋಡೋದು ಒಂದು ಚದರ ಮೀಟರಿಗಿಂತ ಕಡಿಮೆ ಜಾಗ, ವಾರಕ್ಕೆ ಒಂದೋ ಎರಡೋ ಸಲ, ಅದೂ ಸಾಮಾನ್ಯವಾಗಿ ಬೆಳಗಿನ ಹೊತ್ತು. ಮೀಥೇನ್ ದಿನದಿಂದ ದಿನಕ್ಕೆ ನಿಧಾನವಾಗಿ ಏರಿಳಿಯುತ್ತೆ, ಹಾಗಾಗಿ ಅದಕ್ಕೆ ಪರವಾಗಿಲ್ಲ. ನೈಟ್ರಸ್ ಆಕ್ಸೈಡ್ ಹಾಗಲ್ಲ. ಗೊಬ್ಬರ ಎರಚಿ ನೀರು ಬಿಟ್ಟ ಎರಡು ಮೂರು ದಿನದಲ್ಲಿ ಭುಗಿಲೆದ್ದು ಮತ್ತೆ ಸುಮ್ಮನಾಗುತ್ತೆ. ಸೋಮವಾರ ಅಳೆದು ಮುಂದಿನ ಸೋಮವಾರ ಅಳೆದರೆ ನಡುವೆ ಗುರುವಾರ ಬಂದು ಹೋಗಿದ್ದು ಲೆಕ್ಕಕ್ಕೇ ಸಿಗಲ್ಲ.

ಈಗಿನ ಸಂಶೋಧನೆ ಓಡ್ತಿರೋದು ಈ ಸಂದು ಮುಚ್ಚೋಕೆ. ತಾವೇ ಮುಚ್ಚಿ ತಾವೇ ತೆರೆಯುವ ಡಬ್ಬಿಗಳು ಬಂದಿವೆ, ಹಗಲು ರಾತ್ರಿ ಅಳೀತವೆ. ಲೇಸರ್ ಬಳಸೋ, ಹೊತ್ಕೊಂಡು ಹೋಗಬಹುದಾದ ಅನಿಲ ಮಾಪಕಗಳು ಬಂದಿವೆ. ಶೀಶೆ, ಲ್ಯಾಬ್ ಏನೂ ಬೇಡ, ಗದ್ದೆ ಬದುವಿನಲ್ಲೇ ಕೆಲವೇ ನಿಮಿಷದಲ್ಲಿ ಏರಿಕೆ ಕಾಣುತ್ತೆ. ಆದರೆ ಬೆಲೆ ಕೇಳಿದರೆ ಟ್ರ್ಯಾಕ್ಟರ್ ಅಗ್ಗ ಅನ್ಸುತ್ತೆ.

ಇಲ್ಲೊಂದು ಮಾತು, ಎಲೆಕ್ಟ್ರಾನಿಕ್ಸ್ ಹುಚ್ಚು ಇರೋ ಗೆಳೆಯರಿಗೆ. ಆನ್‌ಲೈನ್‌ನಲ್ಲಿ ಸಿಗೋ ಎಂಕ್ಯೂ-4 ಅನ್ನೋ ಅಗ್ಗದ ಸೆನ್ಸರ್ ತಂದು ಆರ್ಡುಯಿನೋಗೆ ಜೋಡಿಸಿ ಗದ್ದೆ ಮೀಥೇನ್ ಅಳೀತೀವಿ ಅಂತ ವಿಡಿಯೋ ಹಾಕ್ತಾರೆ. ಅದು ಗ್ಯಾಸ್ ಸೋರಿಕೆ ಹಿಡಿಯೋಕೆ ಮಾಡಿದ್ದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರಾರು ಭಾಗ ಮೀಥೇನ್ ಇದ್ದರೆ ಅದಕ್ಕೆ ಗೊತ್ತಾಗುತ್ತೆ. ಹೊರಗಿನ ಗಾಳಿಯಲ್ಲಿ ಇರೋದೇ ಹತ್ತು ಲಕ್ಷಕ್ಕೆ ಎರಡು ಭಾಗ. ಒಂದು ಮೀಟರ್ ಎತ್ತರದ ಡಬ್ಬಿಯಲ್ಲಿ ಅರ್ಧ ಗಂಟೆಗೆ ಏರೋದು ಇನ್ನು ಮೂರು ಭಾಗ ಇರಬಹುದು. ಮೂಟೆ ತೂಗೋ ಕಾಟಾದಲ್ಲಿ ಮೂಗುತಿ ತೂಗಿದ ಹಾಗೆ.

ಗದ್ದೆ ನಡುವಿನ ಗೋಪುರ

ಇನ್ನೊಂದು ವಿಧಾನದಲ್ಲಿ ಗದ್ದೆ ಮುಟ್ಟೋದೇ ಇಲ್ಲ. ಹೆಸರು ಎಡ್ಡಿ ಕೋವೇರಿಯನ್ಸ್. ಹೆಸರು ಕೇಳಿ ಹೆದರಬೇಡಿ, ಎಪಿಎಂಸಿ ಗೇಟ್ ನೆನಪು ಮಾಡಿಕೊಳ್ಳಿ. ಗೇಟಿನಲ್ಲಿ ಒಬ್ಬ ನಿಂತು ಒಳಗೆ ಹೋಗೋ ಪ್ರತಿ ಗಾಡಿಯಲ್ಲಿ ಎಷ್ಟು ಮೂಟೆ, ಹೊರಗೆ ಬರೋ ಪ್ರತಿ ಗಾಡಿಯಲ್ಲಿ ಎಷ್ಟು ಮೂಟೆ ಅಂತ ಬರೀತಾ ಹೋದರೆ, ಗೋದಾಮಿನ ಬಾಗಿಲು ತೆಗೆಯದೇ ಮಾಲು ತುಂಬ್ತಿದೆಯೋ ಖಾಲಿ ಆಗ್ತಿದೆಯೋ ಹೇಳಬಹುದು. ಪೈರಿನ ಮೇಲೆ ಬೀಸೋ ಗಾಳಿ ನೇರ ಹೋಗಲ್ಲ. ಸಣ್ಣ ದೊಡ್ಡ ಸುಳಿಗಳಾಗಿ ಮೇಲೆ ಕೆಳಗೆ ಹೊರಳ್ತಾ ಹೋಗುತ್ತೆ. ಒಂದೊಂದು ಸುಳಿಯೂ ಒಂದೊಂದು ಗಾಡಿ.

ಗದ್ದೆ ನಡುವೆ ಮೂರು ನಾಲ್ಕು ಮೀಟರ್ ಎತ್ತರದ ಕಂಬ ನಿಲ್ಲಿಸ್ತಾರೆ. ಅದರ ತುದಿಯಲ್ಲಿ ಶಬ್ದದ ಅಲೆಯಿಂದ ಗಾಳಿಯ ವೇಗ, ದಿಕ್ಕು ಅಳೆಯುವ ಉಪಕರಣ. ಪಕ್ಕದಲ್ಲೇ ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್, ನೀರಾವಿ, ಮೀಥೇನ್ ಎಷ್ಟಿದೆ ಅಂತ ಬೆಳಕಿನಿಂದ ನೋಡುವ ಮಾಪಕ. ಎರಡೂ ಸೆಕೆಂಡಿಗೆ ಹತ್ತು ಇಪ್ಪತ್ತು ಸಲ ಅಳೀತವೆ. ಹತ್ತು ಸಲ ಅಂತ ಹಿಡಿದರೂ ಅರ್ಧ ಗಂಟೆಗೆ 18,000 ಅಳತೆ. ಮೇಲೇರುವ ಗಾಳಿಯಲ್ಲಿ ಇಳಿಯುವ ಗಾಳಿಗಿಂತ ಮೀಥೇನ್ ಜಾಸ್ತಿ ಇದ್ದರೆ ಗದ್ದೆ ಬಿಡ್ತಿದೆ. ಇಂಗಾಲದ ಡೈಆಕ್ಸೈಡ್ ಕಡಿಮೆ ಇದ್ದರೆ ಪೈರು ಹೀರ್ತಿದೆ. ಹಗಲು, ರಾತ್ರಿ, ವರ್ಷಪೂರ್ತಿ.

ಇಂಥ ಗೋಪುರಗಳಿಂದ ನಮ್ಮ ಸಾವಯವದವರ ಮಾತಿಗೂ ಒಂದು ಕಡಿವಾಣ ಬಿದ್ದಿದೆ. ಬೆಳೆ ಹಗಲು ಹೀರಿದ್ದರಲ್ಲಿ ರಾತ್ರಿ ಬಿಟ್ಟಿದ್ದು ಕಳೆದರೆ ಒಳ್ಳೇ ಲಾಭವೇ ಕಾಣುತ್ತೆ. ಆದರೆ ಕೊಯ್ಲಿನ ದಿನ ಕಾಳು, ಹುಲ್ಲು ಎರಡೂ ಟ್ರ್ಯಾಕ್ಟರ್ ಏರಿ ಹೋಗ್ತವೆ. ಅದನ್ನು ಕಳೆದರೆ ಮಣ್ಣಿನಲ್ಲಿ ಉಳಿದ ಇಂಗಾಲ ಬಹಳ ಸಣ್ಣ ಸಂಖ್ಯೆ. ಎಕರೆಗೆ ಇಷ್ಟು ಟನ್ ಇಂಗಾಲ ಕೂಡಿಟ್ಟಿದ್ದೀವಿ ಅಂತ ಭಾಷಣ ಮಾಡೋರನ್ನು, ಕೊಯ್ಲು ಕಳೆದ ಮೇಲಿನ ಲೆಕ್ಕವಾ ಅಂತ ಕೇಳಿ ನೋಡಿ.

ಜಗತ್ತಿನ ಇಂಥ ಗೋಪುರಗಳ ಮಾಹಿತಿಯನ್ನು ಫ್ಲಕ್ಸ್‌ನೆಟ್ ಅನ್ನೋ ಜಾಲ ಒಟ್ಟುಗೂಡಿಸುತ್ತೆ. ಅವರ 2015ರ ಹೆಸರಿನ ದೊಡ್ಡ ಸಂಗ್ರಹದಲ್ಲಿ 212 ಜಾಗಗಳ ಅಳತೆ ಇದೆ. ಭಾರತದ ಒಂದೂ ಇಲ್ಲ. ಹಾಗಂತ ನಮ್ಮಲ್ಲಿ ಗೋಪುರಗಳೇ ಇಲ್ಲ ಅಂತಲ್ಲ. ಕಟಕ್‌ನ ರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಭತ್ತದ ಗದ್ದೆಯಲ್ಲೇ ಇದನ್ನು ಮಾಡಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಕಾಡುಗಳಲ್ಲಿ ನಡೆಸುತ್ತೆ. 2016ರ ಭಾರತ-ಬ್ರಿಟನ್ ಜಂಟಿ ಮುಂಗಾರು ಅಧ್ಯಯನದಲ್ಲಿ ನಮ್ಮ ರಾಜ್ಯದ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಗೋಪುರ ನಿಂತವು. ಅವುಗಳ ಮುಖ್ಯ ಕೆಲಸ ಮುಂಗಾರಿಗೆ ಸಂಬಂಧಪಟ್ಟ ನೀರಾವಿ, ಶಾಖದ ಅಳತೆ. ಆದರೆ ಜಾಗತಿಕ ಲೆಕ್ಕ ಹಾಕೋ ಕಂಪ್ಯೂಟರ್ ಮಾದರಿಗಳು ಕಲಿಯೋದು ಹಂಚಿಕೊಂಡ ಮಾಹಿತಿಯಿಂದ. ಈಗಿನ ಟ್ರೆಂಡ್ ಅಂದರೆ ಗೋಪುರದ ಅಳತೆ, ಉಪಗ್ರಹದ ಚಿತ್ರ, ಹವಾಮಾನ ಎಲ್ಲ ಸೇರಿಸಿ ಕಂಪ್ಯೂಟರಿಗೆ ಕಲಿಸಿ, ಗೋಪುರ ಇಲ್ಲದ ಜಾಗಕ್ಕೂ ಅಂದಾಜು ಕೊಡಿಸೋದು. ಕಲಿಸಿದ ಪಾಠದಲ್ಲಿ ನಮ್ಮ ಗದ್ದೆ ಇಲ್ಲದಿದ್ದರೆ ಅದು ಬೇರೆಯವರ ಗದ್ದೆ ನೋಡಿ ನಮ್ಮದನ್ನು ಹೇಳುತ್ತೆ. 1990ರ ಕಥೆ ಹೊಸ ಯಂತ್ರದಲ್ಲಿ ಮತ್ತೆ ಓಡಬಾರದು ಅನ್ನೋದೇ ನನ್ನ ಆತಂಕ.

ಗೋಪುರಕ್ಕೂ ಮಿತಿ ಇದೆ. ಗಾಳಿ ಸುಮ್ಮನಿರೋ ರಾತ್ರಿಗಳಲ್ಲಿ ಸುಳಿಯೇ ಇರಲ್ಲ, ಅಳತೆ ಬಿಡಬೇಕು. ಮಳೆ ಬಂದರೆ ಮಾಪಕದ ಕಣ್ಣು ಒದ್ದೆ. ಆ ಖಾಲಿ ಗಂಟೆಗಳನ್ನು ಅಂದಾಜಿನಿಂದ ತುಂಬ್ತಾರೆ. ಇನ್ನೊಂದು ಹಳೇ ತಲೆನೋವು ಇದೆ. ಗದ್ದೆಗೆ ಬಿದ್ದ ಬಿಸಿಲಿನ ಶಕ್ತಿಗೂ ಅಲ್ಲಿಂದ ಶಾಖ, ನೀರಾವಿಯಾಗಿ ಹೋದ ಶಕ್ತಿಗೂ ತಾಳೆ ಹಾಕಿದರೆ ಸುಮಾರು ಶೇಕಡಾ 20ರಷ್ಟು ಎಲ್ಲಿ ಹೋಯ್ತು ಅಂತಲೇ ಸಿಗಲ್ಲ. ದಶಕಗಳಿಂದ ವಿಜ್ಞಾನಿಗಳು ಇದರ ಬಗ್ಗೆ ಜಗಳ ಆಡ್ತಾನೇ ಇದ್ದಾರೆ, ಮುಚ್ಚಿಡದೇ ಬರೀತಾರೆ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ.

ಆದರೆ ನಮಗೆ ದೊಡ್ಡ ಅಡ್ಡಿ ಬೇರೆ. ಕಂಬದ ಎತ್ತರದ ನೂರರಷ್ಟು ದೂರದವರೆಗೆ ಒಂದೇ ಬೆಳೆ ಇರಬೇಕು ಅಂತ ಒಂದು ರೂಢಿ ಲೆಕ್ಕ ಇದೆ. ಮೂರು ಮೀಟರ್ ಕಂಬಕ್ಕೆ ಮುನ್ನೂರು ಮೀಟರ್. ಒಂದು ಎಕರೆ ಚೌಕ ಅಂದರೆ ಒಂದು ಬದಿಗೆ 63 ಮೀಟರ್ ಅಷ್ಟೇ. ನಿಮ್ಮ ಎಕರೆಯಲ್ಲಿ ಕಂಬ ನಿಲ್ಲಿಸಿದರೆ ಅದು ನಿಮ್ಮ ಭತ್ತ, ಪಕ್ಕದವರ ಕಬ್ಬು, ಅದರಾಚೆ ತೆಂಗು ಎಲ್ಲಾ ಸೇರಿಸಿ ಒಂದು ಸಂಖ್ಯೆ ಕೊಡುತ್ತೆ. ಕ್ಯಾಲಿಫೋರ್ನಿಯಾದ ನೂರಾರು ಎಕರೆ ಭತ್ತದ ಬಯಲಿಗೆ ಸರಿ. ಗಾಳಿ ಬೀಸಿದ ಕಡೆಯ ನೂರು ಜನ ರೈತರ ಒಟ್ಟು ಲೆಕ್ಕ ಬೇಕಾದರೂ ಸರಿ. ಒಬ್ಬನ ಗದ್ದೆಗೆ ಆಗಲ್ಲ.

ಉಪಗ್ರಹ ನೋಡುತ್ತಾ?

ಉಪಗ್ರಹದಿಂದ ನಿಮ್ಮ ಗದ್ದೆ ಮೀಥೇನ್ ನೋಡ್ತೀವಿ ಅಂತ ಯಾರಾದರೂ ಅಂದರೆ ನಕ್ಕುಬಿಡಿ. 2017ರಲ್ಲಿ ಹಾರಿಸಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದ ಮೀಥೇನ್ ಚಿತ್ರದ ಒಂದು ಚುಕ್ಕೆ ಅಂದರೆ ಐದೂವರೆ ಕಿಲೋಮೀಟರ್ ಅಗಲ, ಏಳು ಕಿಲೋಮೀಟರ್ ಉದ್ದ. ಸುಮಾರು 9,500 ಎಕರೆ. ಇನ್ನೂ ಸೂಕ್ಷ್ಮವಾಗಿ ನೋಡ್ತೀವಿ ಅಂತ 2024ರ ಮಾರ್ಚ್‌ನಲ್ಲಿ ಹಾರಿದ ಮೀಥೇನ್‌ಸ್ಯಾಟ್ 2025ರ ಜೂನ್‌ನಲ್ಲಿ ಸಂಪರ್ಕ ಕಳಕೊಂಡು ಮೌನವಾಯಿತು.

ಉಪಗ್ರಹ ಚೆನ್ನಾಗಿ ನೋಡೋದು ನೀರನ್ನು. ರೇಡಾರ್ ಉಪಗ್ರಹಕ್ಕೆ ಮೋಡ ಅಡ್ಡಿಯಲ್ಲ. ಗದ್ದೆಯಲ್ಲಿ ನೀರು ನಿಂತಿದೆಯೋ ಇಳಿದಿದೆಯೋ ಅಂತ ಹಿಡೀಬಹುದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ಇಸ್ರೋ-ನಾಸಾದ ನಿಸಾರ್ ಕೂಡ ರೇಡಾರ್ ಉಪಗ್ರಹವೇ. ಕಾರ್ಬನ್ ಯೋಜನೆಗಳು ಮುಂದೆ ಇಂಥ ಚಿತ್ರಗಳಿಂದಲೇ ನೀವು ನಿಜವಾಗಿ ಗದ್ದೆ ಒಣಗಿಸಿದ್ರಾ ಅಂತ ನೋಡೋದು ಜಾಸ್ತಿ ಆಗುತ್ತೆ. ಹುಷಾರು, ಅದು ಅನಿಲದ ಅಳತೆ ಅಲ್ಲ. ನೀರು ನೋಡಿ ಅನಿಲ ಊಹಿಸೋದು.

ಹಾಗಾದ್ರೆ ನಿಮ್ಮ ಸಂಖ್ಯೆ ಎಲ್ಲಿಂದ ಬಂತು?

ಬಹುತೇಕ ಒಂದು ಕೋಷ್ಟಕದಿಂದ. ಅಂತರರಾಷ್ಟ್ರೀಯ ಹವಾಮಾನ ಸಮಿತಿ ಐಪಿಸಿಸಿ 2019ರಲ್ಲಿ ಪರಿಷ್ಕರಿಸಿದ ಕೋಷ್ಟಕದಲ್ಲಿ ದಕ್ಷಿಣ ಏಷ್ಯಾದ ಸದಾ ನೀರು ನಿಂತ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 0.85 ಕೆಜಿ ಮೀಥೇನ್ ಅಂತಿದೆ. ಒಂದೆರಡು ಗೆರೆ ಲೆಕ್ಕ ಮಾಡೋಣ, ಫೋನಿನ ಕ್ಯಾಲ್ಕುಲೇಟರ್ ತೆಗೀರಿ. 120 ದಿನಕ್ಕೆ ಹೆಕ್ಟೇರಿಗೆ 102 ಕೆಜಿ, ಎಕರೆಗೆ ಸುಮಾರು 41 ಕೆಜಿ. ಬೆಳೆ ನಡುವೆ ಹಲವು ಸಲ ನೀರು ಇಳಿಸಿದರೆ 0.55ರಿಂದ ಗುಣಿಸಿ ಅಂತಾರೆ, ಅಂದರೆ ಶೇಕಡಾ 45 ಉಳಿತಾಯ. ಎಕರೆಗೆ 18 ಕೆಜಿ ಚಿಲ್ಲರೆ. ಅದನ್ನು 27ರಿಂದ ಗುಣಿಸಿದರೆ ಸುಮಾರು 500 ಕೆಜಿ, ಅರ್ಧ ಟನ್. ಒಂದು ಕ್ರೆಡಿಟ್ ಅಂದರೆ ಒಂದು ಟನ್. ಉದಾಹರಣೆಗೆ ಟನ್ನಿಗೆ ಸಾವಿರ ರೂಪಾಯಿ ಅಂತಲೇ ಇಟ್ಕೊಳ್ಳಿ, ಎಕರೆಗೆ ಒಂದು ಬೆಳೆಗೆ ಐನೂರು. ಅದರಲ್ಲಿ ಕಂಪನಿಯ ಪಾಲು, ತಪಾಸಣೆ ಖರ್ಚು ಎಲ್ಲ ಕಳೀಬೇಕು. ಎಕರೆಗೆ ಎಷ್ಟೋ ಸಾವಿರ ಅಂತ ಹೇಳೋ ವಾಟ್ಸಾಪ್ ಮೆಸೇಜ್ ಬಂದರೆ ಈ ಗುಣಾಕಾರ ಮಾಡಿ ನೋಡಿ.

ಈಗ ನಮ್ಮಂಥ ಸಾವಯವ ರೈತರಿಗೆ ಕಹಿಯಾದ ಭಾಗ. ಅದೇ ಕೋಷ್ಟಕದ ಪ್ರಕಾರ ಗದ್ದೆಗೆ ಹಾಕೋ ಸಾವಯವ ವಸ್ತು ಮೀಥೇನ್ ಏರಿಸುತ್ತೆ. ಹೆಕ್ಟೇರಿಗೆ ಐದು ಟನ್ ಒಣ ಹುಲ್ಲನ್ನು ನೀರು ಕಟ್ಟೋಕೆ ಒಂದು ತಿಂಗಳ ಒಳಗೆ ಉತ್ತು ಸೇರಿಸಿದರೆ ಮೀಥೇನ್ ಸುಮಾರು 2.9 ಪಟ್ಟು. ಅದೇ ಹುಲ್ಲನ್ನು ಒಂದು ತಿಂಗಳಿಗಿಂತ ಮುಂಚೆಯೇ, ಗದ್ದೆ ಒಣಗಿದ್ದಾಗ ಸೇರಿಸಿದರೆ ಒಂದೂವರೆ ಪಟ್ಟು. ಐದು ಟನ್ ಹಸಿರೆಲೆ ಗೊಬ್ಬರಕ್ಕೆ ಎರಡು ಪಟ್ಟು, ಕೊಟ್ಟಿಗೆ ಗೊಬ್ಬರಕ್ಕೆ ಒಂದೂವರೆ, ಚೆನ್ನಾಗಿ ಕಳಿತ ಕಾಂಪೋಸ್ಟಿಗೆ 1.4. ಕಾರಣ ಸುಲಭ. ಬಯಲಲ್ಲಿ ಗಾಳಿಯಾಡ್ತಾ ಕೊಳೆತರೆ ಸುಲಭವಾಗಿ ಕರಗೋ ಭಾಗ ಮೊದಲೇ ಮುಗಿದಿರುತ್ತೆ, ಕೆಸರಿನ ಸೂಕ್ಷ್ಮಜೀವಿಗೆ ಊಟ ಕಮ್ಮಿ.

ಹಾಗಂತ ಡಯಾಂಚ ಬಿಡಿ, ಗೊಬ್ಬರ ಬಿಡಿ ಅಂತ ನಾನು ಹೇಳ್ತಿಲ್ಲ. ಮಣ್ಣು ಬದುಕಬೇಕಲ್ಲ. ಸಮಯ ಬದಲಿಸಬಹುದು. ಮಂಡ್ಯ ಕಡೆ ಹುಲ್ಲು ದನಕ್ಕೆ ಹೋಗುತ್ತೆ, ಚಿಂತೆ ಇಲ್ಲ. ಗಂಗಾವತಿ, ಸಿಂಧನೂರು ಕಡೆ ಕಂಬೈನ್ ಕೊಯ್ದ ಮೇಲೆ ಹುಲ್ಲು ಗದ್ದೆಯಲ್ಲೇ ಉಳಿಯುತ್ತೆ, ಎರಡು ಬೆಳೆ ನಡುವೆ ಬಿಡುವು ಕಡಿಮೆ. ಅಲ್ಲಿ ಕೊಯ್ದ ಕೂಡಲೇ ಒಣ ಉಳುಮೆ ಮಾಡಿ ಹುಲ್ಲು ಸೇರಿಸಿ ಬಿಡೋದಕ್ಕೂ, ನಾಟಿ ಹಿಂದಿನ ವಾರ ಕೆಸರಿಗೆ ತುಳಿಯೋದಕ್ಕೂ ದುಪ್ಪಟ್ಟು ವ್ಯತ್ಯಾಸ. ಕ್ರೆಡಿಟ್ ಬರಲಿ ಬಿಡಲಿ, ಹಸಿ ಹುಲ್ಲು ಕೊಳೆತು ಎಳೆ ಪೈರು ಹಳದಿ ಆಗೋದೂ ತಪ್ಪುತ್ತೆ.

ಕೋಷ್ಟಕಕ್ಕೆ ಸಿಗದ ಇನ್ನೊಂದು ಕಥೆ ನೈಟ್ರಸ್ ಆಕ್ಸೈಡ್‌ದು. 2018ರಲ್ಲಿ ಅಮೆರಿಕದ ಹೆಸರಾಂತ ವಿಜ್ಞಾನ ಪತ್ರಿಕೆಯೊಂದರಲ್ಲಿ ಕೃತಿ ಮತ್ತು ಸಂಗಡಿಗರು ಭಾರತದ ಐದು ಗದ್ದೆಗಳ ಅಳತೆ ಪ್ರಕಟಿಸಿದರು. ಎಲ್ಲವೂ ನೀರು ಬಿಟ್ಟು ಬಿಟ್ಟು ಕೊಡುವ ಗದ್ದೆಗಳು. ಒಂದು ಬೆಳೆಗೆ ಹೆಕ್ಟೇರಿಗೆ 33 ಕೆಜಿಯವರೆಗೂ ನೈಟ್ರಸ್ ಆಕ್ಸೈಡ್ ಕಂಡಿತು ಅಂತ ಬರೆದರು, ಅದಕ್ಕೆ ಮೊದಲು ವರದಿಯಾಗಿದ್ದ ಗರಿಷ್ಠದ ಮೂರು ಪಟ್ಟು. 273ರಿಂದ ಗುಣಿಸಿ, ಒಂಬತ್ತು ಟನ್! ಮೀಥೇನ್ ಲೆಕ್ಕ ಹೆಕ್ಟೇರಿಗೆ ಮೂರು ಟನ್ ಕೂಡ ಇರಲಿಲ್ಲ. ಮುಂದಿನ ವರ್ಷವೇ ಬೇರೆ ಭತ್ತ ವಿಜ್ಞಾನಿಗಳು ಅದೇ ಪತ್ರಿಕೆಯಲ್ಲಿ, ಈ ಕೆಲವು ಗದ್ದೆಗಳ ಸಂಖ್ಯೆಯನ್ನು ಎಲ್ಲ ಕಡೆಗೂ ಅನ್ವಯಿಸಬೇಡಿ ಅಂತ ತಕರಾರು ಬರೆದರು. ನನ್ನ ಓದಿನಲ್ಲಿ ಇಬ್ಬರ ಮಾತಿನಲ್ಲೂ ಹುರುಳಿದೆ. ಎಲ್ಲ ಗದ್ದೆಯೂ ಹಾಗೆ ಅಂತ ಹೇಳೋಕಾಗಲ್ಲ, ಯಾವ ಗದ್ದೆಯೂ ಹಾಗಿಲ್ಲ ಅಂತಲೂ ಹೇಳೋಕಾಗಲ್ಲ. ಅಳೆದ ಗದ್ದೆಗಳೇ ಕಡಿಮೆ. ಆ ಅಧ್ಯಯನದಿಂದ ರೈತನಿಗೆ ಉಪಯೋಗಕ್ಕೆ ಬರೋದು ಇಷ್ಟು: ನೀರು ಇಳಿಸುವಾಗ ಸಾರಜನಕವನ್ನೂ ಹಿಡಿತದಲ್ಲಿ ಇಡಬೇಕು. ಮಣ್ಣು ಬಿರುಕು ಬಿಡುವಷ್ಟು ಒಣಗಿಸಿ, ಒಂದೇ ಸಲ ಮೂಟೆಗಟ್ಟಲೆ ಯೂರಿಯಾ ಎರಚಿ ನೀರು ಬಿಟ್ಟರೆ ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ.

ಸಂಖ್ಯೆ ಗಟ್ಟಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಚೀನಾ ನೋಡಿ. ಅಲ್ಲಿನ 37 ಭತ್ತದ ಮೀಥೇನ್ ಯೋಜನೆಗಳನ್ನು ಕ್ರೆಡಿಟ್ ನೋಂದಣಿ ಮಾಡುವ ವೆರಾ ಸಂಸ್ಥೆಯೇ 2024ರ ಆಗಸ್ಟ್‌ನಲ್ಲಿ ತಿರಸ್ಕರಿಸಿತು. ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ಕೃಷಿಯ ಕಾರ್ಬನ್ ಮಾರುಕಟ್ಟೆಗೆ 2024ರ ಜನವರಿಯಲ್ಲಿ ಒಂದು ಮಾರ್ಗಸೂಚಿ ಹೊರಡಿಸಿದೆ. ಮಾರುಕಟ್ಟೆ ಬರುತ್ತೆ, ಅನುಮಾನ ಇಲ್ಲ.

ಸೈನ್ ಹಾಕೋ ಮುಂಚೆ

ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ಕೇಳಿ. ನಮ್ಮ ಜಿಲ್ಲೆಯಲ್ಲಿ ಎಲ್ಲಾದರೂ ಡಬ್ಬಿ ಇಟ್ಟು ಅಳೆದಿದ್ದೀರಾ, ಬರೀ ಕೋಷ್ಟಕದ ಸಂಖ್ಯೆಯಾ? ನೈಟ್ರಸ್ ಆಕ್ಸೈಡ್ ಕಳೆದಿದ್ದೀರಾ? ನಾವು ಹಾಕೋ ಗೊಬ್ಬರ ಲೆಕ್ಕದಲ್ಲಿ ಇದೆಯಾ? ಮೊದಲು ಸದಾ ನೀರು ನಿಲ್ಲಿಸ್ತಿದ್ದರು ಅಂತ ಬರ್ಕೊಂಡಿದ್ದೀರಲ್ಲ, ಯಾರನ್ನ ಕೇಳಿ? ಈ ಕೊನೇ ಪ್ರಶ್ನೆ ಮುಖ್ಯ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರಿಗೆ ಕಟ್ಟು ಪದ್ಧತಿಯಲ್ಲಿ ನೀರು ಬರೋದೇ ಬಿಟ್ಟು ಬಿಟ್ಟು. ಅವರ ಗದ್ದೆ ಮೊದಲಿಂದಲೂ ಒಣಗಿ ನೆನೀತಾನೇ ಇದೆ. ಹೊಸದಾಗಿ ಉಳಿಸಿದ್ದು ಏನೂ ಇರಲ್ಲ. ಇದ್ದ ಹಾಗೆ ಬರೆದರೆ ಕ್ರೆಡಿಟ್ ಸಿಗಲ್ಲ, ಇಲ್ಲದ್ದು ಬರೆದರೆ ಮುಂದೆ ತಪಾಸಣೆಯಲ್ಲಿ ಬೀಳುತ್ತೆ. ಸಹಿ ಮಾತ್ರ ರೈತನದ್ದೇ ಇರುತ್ತೆ.

ಕ್ರೆಡಿಟ್ ಆಸೆ ಬಿಟ್ಟು, ನೀರು ಮತ್ತು ಕರೆಂಟು ಉಳಿಸೋಕಾದರೂ ಬೋರ್‌ವೆಲ್ ಇರೋರು ಪೈಪ್ ವಿಧಾನ ಮಾಡಿ ನೋಡಬಹುದು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳೋ ಕ್ರಮ ಸುಲಭ. ಒಂದು ಅಡಿ ಉದ್ದದ, ನಾಲ್ಕು ಇಂಚಿಗೆ ಕಡಿಮೆ ಇಲ್ಲದ ಅಗಲದ ಪಿವಿಸಿ ಪೈಪ್ ತಗೊಂಡು ಕೆಳಗಿನ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಸುತ್ತಲೂ ತೂತು ಹಾಕಿ. ಬದುವಿಗೆ ಹತ್ತಿರ, ಕೈಗೆಟುಕೋ ಕಡೆ ತೂತಿನ ಭಾಗ ಮಣ್ಣಿನೊಳಗೆ ಹೋಗೋ ಹಾಗೆ ಹೂತು, ಒಳಗಿನ ಮಣ್ಣು ತೆಗೆದುಬಿಡಿ. ನಾಟಿಯಾಗಿ ಎರಡು ವಾರ ಆದ ಮೇಲೆ ಶುರು ಮಾಡಿ, ಕಳೆ ಜಾಸ್ತಿ ಇದ್ದರೆ ಮೂರು ವಾರ. ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕೊಡಿ, ಐದು ಸೆಂಟಿಮೀಟರ್ ನಿಲ್ಲೋ ಹಾಗೆ. ಹೂ ಬಿಡೋಕೆ ಒಂದು ವಾರ ಮುಂಚಿನಿಂದ ಹೂವಾದ ಒಂದು ವಾರದವರೆಗೆ ಮಾತ್ರ ನೀರು ಇಳಿಸಬೇಡಿ, ಕಾಳು ಜೊಳ್ಳಾಗುತ್ತೆ.

ಪೈಪಿನಲ್ಲಿ ಸ್ಕೇಲ್ ಇಟ್ಟು ನೋಡಿದಾಗೆಲ್ಲ ಒಂದು ಫೋಟೋ ತೆಗೀರಿ, ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಗೊಬ್ಬರ ಹಾಕಿದ ದಿನ, ತೂಕ, ನೀರು ಬಿಟ್ಟ ದಿನ, ಹುಲ್ಲು ಉತ್ತ ದಿನ ಇಷ್ಟು ಬರೆದಿಡಿ. ಯಾವ ಕಂಪನಿಯ ಆ್ಯಪ್‌ನಲ್ಲೂ ಅಲ್ಲ, ನಿಮ್ಮದೇ ಫೋನಿನಲ್ಲಿ ಅಥವಾ ಒಂದು ನೋಟ್‌ಬುಕ್‌ನಲ್ಲಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಅದನ್ನೇ ಮುಂದಿಟ್ಟು, ನಮ್ಮ ಗದ್ದೆಯಲ್ಲಿ ಒಂದು ಬೆಳೆಗೆ ಡಬ್ಬಿ ಇಟ್ಟು ಅಳೀತೀರಾ ಅಂತ ಕೇಳಿ. ಕೆಸರಿನ ಮೇಲೆ ಹಾಕೋ ಹಲಗೆ ನಾವೇ ಕೊಡ್ತೀವಿ ಅನ್ನಿ.